ಆಪ್ತ ಸಮಾಲೋಚನೆಯಲ್ಲಿ ಸರ್ವನಾಮ

ಸಮಾಲೋಚನೆಗೆ ಬಂದವರು ತಮ್ಮನ್ನೂ ಇತರರನ್ನೂ ಸೂಚಿಸಲು ಬಳಸುವ ಸರ್ವನಾಮಗಳು ಅವರ ನೋವಿನ ನೆಲೆ ತಿಳಿಯಲು ಸುಳಿವಾಗುತ್ತವೆ. ಗೆಸ್ಟಾಲ್ಟ್ ಎಂಬ ಮನೋಚಿಕಿತ್ಸಾ ಪದ್ಧತಿಯ ಪ್ರವರ್ತಕ ಫ್ರಿಟ್ಸ್ ಪರ್ಲ್ಸ್ ‘ಅದು’ ಎಂದವರಿಗೆ, ತಮ್ಮ ಅನುಭವದ ಹೊಣೆ ತಾವೇ ಹೊರಲೆಂದು, ‘ನಾನು’ ಎಂದು ಹೇಳಿನೋಡಲು ತಿಳಿಸುತ್ತಿದ್ದರು. ಸ್ಟೆಫನಿ ರೂಡ್, ಜೇಮ್ಸ್ ಪೆನ್ನೆಬೇಕರ್ ಮೊದಲಾದವರ 2004ರ ಅಧ್ಯಯನದಲ್ಲಿ, ಖಿನ್ನತೆಯಿದ್ದ ಅಮೆರಿಕದ ವಿದ್ಯಾರ್ಥಿಗಳ ಬರಹದಲ್ಲಿ ಇಂಗ್ಲಿಷಿನ ‘ನಾನು’ ಹೆಚ್ಚಾಗಿ ಕಂಡಿತು.

ಈ ಎಣಿಕೆಯನ್ನು ಕನ್ನಡಕ್ಕೆ ಹಾಗೆಯೇ ತರಲಾಗದು. ‘ಬರುತ್ತೇನೆ’ ಎಂದರೆ ಸಾಕು, ಬರುವವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ‘ನನಗೆ ಸಿಟ್ಟು ಬಂತು’ ಎಂಬುದನ್ನು ಹೊಣೆ ಜಾರಿಸುವ ಮಾತೆಂದು ಓದುವುದು ತಪ್ಪು. ಅದು ನಮ್ಮ ವ್ಯಾಕರಣ. ಬೆಳಗಾವಿ ಜಿಲ್ಲೆಯ ಕಣಗಲಾ, ಹುಕ್ಕೇರಿ, ಗೋಕಾಕ ಸೀಮೆಯವರು ‘ಜೀವಕ್ಕ ಬ್ಯಾಸರ ಆಗೇತಿ’ ಎಂದಾಗ ಸರ್ವನಾಮವೇ ಇಲ್ಲ, ಆದರೂ ಹೇಳಿದ್ದು ತಮ್ಮ ಸಂಕಟವನ್ನೇ.

ಎಣಿಕೆಗಿಂತ ಬದಲಾವಣೆ ಮುಖ್ಯ. ಗಂಡನನ್ನು ‘ಅವರು’ ಎನ್ನುತ್ತಿದ್ದ ಹೆಣ್ಣುಮಗಳು ಒಮ್ಮೆಲೇ ‘ಅಂವ’ ಎಂದರೆ ಸಮಾಲೋಚಕರು ಅಲ್ಲಿ ನಿಲ್ಲಬೇಕು. ಕೂಡುಕುಟುಂಬದ ಸೊಸೆ ‘ನಮಗ ಹಂಗ ಅನಸ್ತದ’ ಎಂದಾಗ ಆ ‘ನಮಗ’ದಲ್ಲಿ ಅತ್ತೆ, ಗಂಡ, ಮಕ್ಕಳೆಲ್ಲ ಇರಬಹುದು, ಅವಳೊಬ್ಬಳೇ ಇರಬಹುದು. ಊಹಿಸದೆ ಮೆಲ್ಲಗೆ ಕೇಳುವುದೇ ಸರಿ. ಬಲವಂತವಾಗಿ ‘ನಾನು’ ಹೇಳಿಸುವುದು ಸಲ್ಲದು.

ತಮ್ಮ ನುಡಿಯಲ್ಲೇ ಸಂಕಟ ಹೇಳಿಕೊಳ್ಳಬಯಸುವವರು 2022ರ ಅಕ್ಟೋಬರಿನಲ್ಲಿ ಆರಂಭವಾದ, ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.