ಬಾವಿಯ ಮೀನು, ಗಾಜಿನ ಕೆರೆ

ನಮ್ಮ ಸಂಘದ ವಾಚನಾಲಯದ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಅದನ್ನು ತಂದ ದಿನ ನಮಗಿದ್ದ ಉತ್ಸಾಹಕ್ಕೆ ತಿಳಿವಳಿಕೆಯ ನೆರವಿರಲಿಲ್ಲ. ಬೆಳಿಗ್ಗೆ ನೀರು ತುಂಬಿಸಿ, ಸಂಜೆಗೇ ಇಪ್ಪತ್ತು ಮೀನುಗಳನ್ನು ಬಿಟ್ಟೆವು. ಎರಡು ವಾರ ಕಳೆಯುವಷ್ಟರಲ್ಲಿ ಉಳಿದವು ಮೂರೇ. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಆದರೂ ಮೀನುಗಳು ಸತ್ತವು. ಕಾರಣವೇನೆಂದು ತಲೆ ಕೆಡಿಸಿಕೊಂಡು ಕುಳಿತಿದ್ದಾಗ, ಪತ್ರಿಕೆ ಓದಲು ಬಂದಿದ್ದ ಹಿರಿಯ ರೈತರೊಬ್ಬರು ತೊಟ್ಟಿಯನ್ನು ನೋಡಿ ನಕ್ಕರು. “ಹೊಸಾ ಬಾವಿಗೆ ಅವತ್ತೇ ಯಾರರೆ ಮೀನ ಬಿಡ್ತಾರೇನ್ರೀ? ನೀರು ಮೊದ್ಲು ಹಣ್ಣಾಗಬೇಕು” ಎಂದರು.

ನೀರು ಹಣ್ಣಾಗುವುದು! ಈ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. ಅದರ ಬೆನ್ನು ಹಿಡಿದು ಹೊರಟ ನಮಗೆ ಸಿಕ್ಕ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ತಿಳಿನೀರು ಬೇರೆ, ಒಳ್ಳೆಯ ನೀರು ಬೇರೆ ಎಂಬುದನ್ನು ಮನುಷ್ಯನು ಎಷ್ಟು ಕಷ್ಟಪಟ್ಟು ಕಲಿತನೆಂಬುದೇ ಈ ಚರಿತ್ರೆಯ ತಿರುಳು.

ಮೊದಲು ನಮ್ಮ ಸೀಮೆಯ ನೀರಿನ ಮಾತು. ಭೀಮೆಯನ್ನು ಕೂಡಿಕೊಂಡ ಕೃಷ್ಣೆ ಹರಿಯುವುದು ನಾರಾಯಣಪೇಟೆ, ಮಖ್ತಲ್‌ಗಳ ದಕ್ಷಿಣಕ್ಕೆ. ನದಿಯನ್ನು ದಾಟಿದರೆ ಗದ್ವಾಲ. ಅದರ ಆಚೆ ಆಲಂಪುರದ ಬಳಿ ತುಂಗಭದ್ರೆ. ಎರಡು ಹೊಳೆಗಳ ನಡುವಣ ಈ ನೆಲವನ್ನು ತೆಲುಗರು ನಡಿಗಡ್ಡ ಎನ್ನುತ್ತಾರೆ. ಕನ್ನಡದ ಹಳೆಯ ಶಾಸನಗಳು ರಾಯಚೂರಿನ ಅಂತರ್ವೇದಿಯನ್ನು ಎಡೆದೊರೆ ಎಂದು ಕರೆದುವು. ಎರಡು ಹೆಸರಿಗೂ ಅರ್ಥ ಹೆಚ್ಚು ಕಡಿಮೆ ಒಂದೇ. 1956ರ ನವೆಂಬರಿನ ತನಕ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದುವೆಂಬುದನ್ನು ಇಂದಿನ ತರುಣರು ತಿಳಿದಿರಲಾರರು. ಗಡಿ ಸರಿಯಿತು, ನದಿ ಸರಿಯಲಿಲ್ಲ.

ಎರಡು ಹೊಳೆಗಳಿದ್ದರೂ ಇದು ಬಾಯಾರಿದ ನೆಲ. ಹೊಳೆ ತಗ್ಗಿನಲ್ಲಿ, ಊರು ದಿಬ್ಬದ ಮೇಲೆ. ಆದಕಾರಣ ಊರವರು ನಂಬಿದ್ದು ಕೆರೆಯನ್ನು, ಬಾವಿಯನ್ನು. ಅದರಲ್ಲಿಯೂ ಕಲ್ಲುಕಟ್ಟಡದ ಪಾವಟಿಗೆ ಬಾವಿಗಳನ್ನು. ಬಾವಿಗೆ ಮೀನನ್ನೂ ಆಮೆಯನ್ನೂ ಬಿಡುವುದು ದಖ್ಖನಿನ ಹಳೆಯ ವಾಡಿಕೆ. ಹುಳುಹುಪ್ಪಟೆಗಳನ್ನು ಅವು ತಿಂದು ನೀರನ್ನು ಹಸನಾಗಿಡುತ್ತವೆಂಬ ಅನುಭವ ಅದರ ಹಿಂದೆ ಇತ್ತು.

ಮೀನನ್ನು ಕುರಿತು ಶಾಸ್ತ್ರೀಯವಾಗಿ ಬರೆದ ಅರಸನೊಬ್ಬನು ಈ ಸೀಮೆಯನ್ನು ಆಳಿದವನೇ ಆಗಿದ್ದುದು ನಮಗೆ ಹೆಮ್ಮೆಯ ವಿಷಯ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಉಂಟು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ ಎಲ್ಲವೂ ಅದರಲ್ಲಿದೆ. ವಿನೋದಗಳನ್ನು ಹೇಳುವ ವಿಂಶತಿಯಲ್ಲಿ ಮತ್ಸ್ಯವಿನೋದವೂ ಒಂದು. ಕಡಲಿನ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು, ದೊಡ್ಡದು, ಸಣ್ಣದು ಎಂದು ಅರಸನು ವಿಂಗಡಿಸುತ್ತಾನೆ. ಯಾವುದು ಎಲ್ಲಿ ವಾಸಿಸುತ್ತದೆ, ಯಾವುದಕ್ಕೆ ಯಾವ ಆಹಾರ ಪ್ರಿಯವೆಂದು ಹೇಳುತ್ತಾನೆ. ಈ ಅಧ್ಯಾಯದ ಕಡೆಗೆ ಇಂದಿನ ವಿಜ್ಞಾನಿಗಳ ಗಮನ ಸೆಳೆದವರು ಮತ್ಸ್ಯಶಾಸ್ತ್ರಜ್ಞ ಸುಂದರಲಾಲ ಹೋರಾ; ಅವರ ಲೇಖನ 1951ರದು.

ಅರಸನ ಪ್ರೀತಿ ಗಾಳದ ಪ್ರೀತಿಯೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಮೀನಿಗೆ ಉಣಿಸಿದ್ದು ಅದನ್ನು ಹಿಡಿಯುವುದಕ್ಕಾಗಿಯೇ. ಆದರೂ ಮೀನಿನ ನೆಲೆಯನ್ನೂ ಊಟವನ್ನೂ ತಿಳಿಯದೆ ಗಾಳ ಹಾಕಲಾಗದೆಂಬುದು ಅವನಿಗೆ ಗೊತ್ತಿತ್ತು. ತೊಟ್ಟಿಯಲ್ಲಿ ಮೀನು ಸಾಕುವವನಿಗೂ ಇದೇ ಮೊದಲ ಪಾಠ. ಹೊಳೆಯ ಹರಿವಿನಲ್ಲಿ ಈಜುವ ಮೀನನ್ನೂ ಕೆರೆಯ ಜೊಂಡಿನಲ್ಲಿ ಅಡಗುವ ಮೀನನ್ನೂ ಒಂದೇ ನೀರಿನಲ್ಲಿ ಕೂಡಿಹಾಕಿದರೆ ಎರಡರಲ್ಲಿ ಒಂದಕ್ಕೆ ಸುಖವಿಲ್ಲ.

ಅಲ್ಲಿಂದ ಏಳು ಶತಮಾನ ದಾಟೋಣ. ಇಂಗ್ಲಿಷ್ ಸೇನೆಯ ಅಧಿಕಾರಿ ಸೈಕ್ಸ್ ಎಂಬಾತನು ದಖ್ಖನಿನ ಮೀನುಗಳನ್ನು ಕುರಿತು 1839ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಭೀಮೆಯ ಮತ್ತು ಅದರ ಉಪನದಿಗಳ ಮೀನುಗಳಿಗೆ ವಿಜ್ಞಾನದ ಹೆಸರುಗಳು ದೊರೆತವು. ಭೀಮೆಯ ನೀರೇ ನಮ್ಮ ಕೃಷ್ಣೆಯ ನೀರಾದುದರಿಂದ ಅವು ನಮ್ಮ ನೆರೆಹೊರೆಯವೇ ಸರಿ.

ಆದರೆ ಮೀನಿನ ಹೆಸರು ತಿಳಿದ ಮಾತ್ರಕ್ಕೆ ಅದು ಗಾಜಿನೊಳಗೆ ಬದುಕುವುದಿಲ್ಲ. ಆ ಗುಟ್ಟು ಬಯಲಾದದ್ದು ದೂರದ ಲಂಡನ್ನಿನಲ್ಲಿ. ನೀರಿನ ಗಿಡ ಬಿಸಿಲಿನಲ್ಲಿ ಪ್ರಾಣವಾಯುವಿನ ಗುಳ್ಳೆಗಳನ್ನು ಬಿಡುತ್ತದೆಂದು ಇಂಗೆನ್‌ಹೌಸ್ 1779ರಲ್ಲಿಯೇ ತೋರಿಸಿಕೊಟ್ಟಿದ್ದನು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು 1849ರಲ್ಲಿ ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು, ಕೆಸರು, ಕಲ್ಲು ಹಾಕಿ, ವ್ಯಾಲಿಸ್ನೇರಿಯ ಎಂಬ ಉದ್ದನೆಯ ಎಲೆಯ ನೀರುಗಿಡವನ್ನು ನೆಟ್ಟು, ಎರಡು ಹೊನ್ನಮೀನುಗಳನ್ನು ಬಿಟ್ಟನು. ಕೆಲಕಾಲ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿತು, ಹಸಿರು ಪಾಚಿ ಗಾಜನ್ನು ಮುಸುಕಿತು. ಆಗ ಅವನು ಕೊಳದ ಐದಾರು ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತ ಎಲೆಯನ್ನು ತಿಂದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ಮೀನಿನ ಮಲ ಗಿಡಕ್ಕೆ ಗೊಬ್ಬರವಾಯಿತು. 1850ರಲ್ಲಿ ಈ ಸಮತೋಲವನ್ನು ಅವನು ವಿದ್ವಾಂಸರ ಮುಂದಿಟ್ಟನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಗೃಹ ತೆರೆಯಿತು. ಮರುವರ್ಷ ಗಾಸ್ ಎಂಬವನ ಪುಸ್ತಕ ಹೊರಬಂದು ‘ಅಕ್ವೇರಿಯಂ’ ಎಂಬ ಪದ ಮನೆಮಾತಾಯಿತು.

ವಾರಿಂಗ್ಟನ್ ಕಂಡದ್ದರಲ್ಲಿ ಒಂದು ಕೊಂಡಿ ಮಾತ್ರ ಉಳಿದಿತ್ತು. ಅದು ಕಣ್ಣಿಗೆ ಕಾಣದ್ದು. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯ ನೀರಿನಲ್ಲಿ ಕರಗಿರುವ ವಿಷ. ಅದನ್ನು ಮೊದಲು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳನ್ನು ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದನು. ನೈಟ್ರೈಟೂ ವಿಷವೇ, ನೈಟ್ರೇಟು ಅಷ್ಟು ಕೇಡಿನದಲ್ಲ, ಗಿಡ ಅದನ್ನು ಉಂಡು ಬೆಳೆಯುತ್ತದೆ. ಈ ಜೀವಿಗಳು ಮರಳಿನಲ್ಲಿಯೂ ಕಲ್ಲಿನ ಮೇಲೆಯೂ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ತೊಟ್ಟಿಯ ಮೀನುಗಳು ಏಕೆ ಸತ್ತುವೆಂಬುದು ಈಗ ವಾಚಕರಿಗೆ ಹೊಳೆದಿರಬೇಕು. ನೀರು ತಿಳಿಯಾಗಿತ್ತು, ಹಣ್ಣಾಗಿರಲಿಲ್ಲ. ರೈತರ ಆ ಒಂದು ಮಾತಿನಲ್ಲಿ ವಿನೋಗ್ರಾಡ್‌ಸ್ಕಿಯ ಶೋಧದ ಫಲ ಅಡಗಿತ್ತು.

ಹಾಗೆಂದು ಹಿಂದಿನದೆಲ್ಲ ಚಿನ್ನವೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ನಮ್ಮ ಪಾವಟಿಗೆ ಬಾವಿಗಳ ಚರಿತ್ರೆಯಲ್ಲಿ ಒಂದು ನೋವಿನ ಪುಟವಿದೆ. ಅದರ ಹೆಸರು ನಾರುಹುಣ್ಣು. ಕಾಲಿನ ಗುಳ್ಳೆಯೊಡೆದು ಎರಡು ಮೂರಡಿ ಉದ್ದದ ಹುಳು ನೂಲಿನಂತೆ ಹೊರಬರುವ ಆ ರೋಗ ರೈತನನ್ನು ಬಿತ್ತನೆಯ ಕಾಲದಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿಸುತ್ತಿತ್ತು. ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟವನ ಹುಣ್ಣಿನಿಂದ ಮರಿಹುಳುಗಳು ನೀರು ಸೇರುವುವು. ಸೈಕ್ಲಾಪ್ಸ್ ಎಂಬ, ಸಾಸಿವೆಗಿಂತಲೂ ಕಿರಿದಾದ ನೀರಚಿಗಟ ಅವನ್ನು ನುಂಗುವುದು. ಆ ನೀರನ್ನು ಕುಡಿದವನಿಗೆ ವರ್ಷದೊಳಗೆ ರೋಗ. ಈ ನೀರೂ ನೋಟಕ್ಕೆ ತಿಳಿಯೇ!

ಇಲ್ಲಿ ಮತ್ತೆ ಮೀನು ಚರಿತ್ರೆಯೊಳಗೆ ಬರುತ್ತದೆ. ಅಂದಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ನಾರುಹುಣ್ಣಿನ ಬಗೆಗೆ ಸಂಶೋಧನೆ ನಡೆಸಿದ ಮೂರ್ತಿ ಮತ್ತು ಸ್ವೀಟ್ ಎಂಬ ವೈದ್ಯವಿಜ್ಞಾನಿಗಳು ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗಳಿಗೆ ಬಿಟ್ಟು ರೋಗವನ್ನು ತಡೆಯುವ ಕ್ರಮವನ್ನು 1936ರಲ್ಲಿ ಪ್ರಕಟಿಸಿದರು. ಆಗ ಬಾರ್ಬಸ್ ಎಂದು ಕರೆಯುತ್ತಿದ್ದ ಕುಲದ ಮೀನುಗಳು ಈ ಕೆಲಸಕ್ಕೆ ಒದಗಿದವು. ಇಂದು ಪೇಟೆಯಲ್ಲಿ ಬಾರ್ಬ್ ಎಂದು ಮಾರುವ ತೊಟ್ಟಿಯ ಮೀನುಗಳು ಅವುಗಳ ದಾಯಾದಿಗಳೇ. ಮುಂದೆ ಪಾವಟಿಗೆ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಲಿಸಿ, ಕೊಳವೆಬಾವಿಗಳನ್ನು ತೋಡಿ ರೋಗವನ್ನು ಅಟ್ಟಲಾಯಿತು. ಭಾರತದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ; 2000ದಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮೀನು ಒಂದೇ ಇದನ್ನು ಸಾಧಿಸಲಿಲ್ಲ. ಆದರೆ ಬಾವಿಗೆ ಮೀನು ಬಿಡುತ್ತಿದ್ದ ಅಜ್ಜಂದಿರ ವಾಡಿಕೆ ಮೂಢನಂಬಿಕೆಯಲ್ಲವೆಂಬುದು ಸಿದ್ಧವಾಯಿತು.

ಈಗ ಗಾಜಿನ ತೊಟ್ಟಿಗೆ ಮರಳೋಣ. ಎರಡನೆಯ ಸಲ ನಾವು ಬಾವಿಯ ಕ್ರಮವನ್ನೇ ಹಿಡಿದೆವು. ಅಡಿಯಲ್ಲಿ ಒಂದೆರಡು ಅಂಗುಲ ಕೆರೆಯ ಮಣ್ಣು. ಮಣ್ಣು ಮೇಲೇಳದಂತೆ ಅದರ ಮೇಲೆ ತೊಳೆದ ಹೊಳೆಮರಳು. ಬಳಿಕ ವ್ಯಾಲಿಸ್ನೇರಿಯ ಮತ್ತು ಹೈಡ್ರಿಲ್ಲಾ ಗಿಡಗಳು. ಎರಡೂ ನಮ್ಮ ದೇಶದ ಕೆರೆಕಾಲುವೆಗಳಲ್ಲಿ ಬೆಳೆಯುವಂಥವು. ಕೊಳವೆಬಾವಿಯ ಗಡಸು ನೀರನ್ನು ಸಹಿಸಿಕೊಳ್ಳುವಂಥವು. ನಲ್ಲಿಯ ನೀರಾದರೆ ಕ್ಲೋರಿನ್ ಹಾರಿಹೋಗುವಂತೆ ಒಂದು ದಿನ ತೆರೆದ ಹಂಡೆಯಲ್ಲಿಡುವುದು ಲೇಸು. ಬಸವನಹುಳುಗಳು ಕರೆಯದೆಯೇ ಗಿಡದೊಡನೆ ಬಂದುವು, ಅವನ್ನು ಓಡಿಸಲಿಲ್ಲ. ಆರು ವಾರ ಮೀನಿಲ್ಲದ ತೊಟ್ಟಿಯನ್ನು ನೋಡಿ ಬಂದವರೆಲ್ಲ ನಕ್ಕರು. ಆಮೇಲೆ ಬಿಟ್ಟದ್ದು ನಾಲ್ಕೇ ಮೀನು. ತಿಂಗಳ ಬಳಿಕ ಇನ್ನು ನಾಲ್ಕು.

ದೀಪ ದಿನಕ್ಕೆ ಎಂಟು ಗಂಟೆ ಸಾಕು. ನೇರ ಬಿಸಿಲು ಬಿದ್ದರೆ ಪಾಚಿಗೆ ಹಬ್ಬ, ಗಿಡಕ್ಕೆ ಸಂಕಟ. ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ. ಉಳಿದ ಕೂಳು ಕೊಳೆತು ಮತ್ತೆ ಅಮೋನಿಯವಾಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಹೊಸದನ್ನು ತುಂಬುತ್ತೇವೆ. ಎಲ್ಲ ನೀರನ್ನೂ ಚೆಲ್ಲಿ, ಮರಳನ್ನು ಉಜ್ಜಿ ತೊಳೆದರೆ ಹಣ್ಣಾದದ್ದು ಮತ್ತೆ ಕಾಯಾಗುತ್ತದೆ. ನಮ್ಮ ಕಡೆಯ ವೈಶಾಖದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. 20 ಡಿಗ್ರಿಯ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಇರುಳು ಗಿಡಗಳೂ ಪ್ರಾಣವಾಯುವನ್ನೇ ಬಳಸುವುದರಿಂದ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಗಾಳಿ ಊದುವ ಸಣ್ಣ ಯಂತ್ರವಿರಬೇಕು, ಮೀನಿನ ಸಂಖ್ಯೆ ಕಡಿಮೆಯಿರಬೇಕು.

ಕೊನೆಗೆ ಒಂದು ಎಚ್ಚರಿಕೆ. ಈ ಲೇಖನ ಬರೆಯಲು ನಿಜವಾದ ಕಾರಣ ಅದೇ. ತೊಟ್ಟಿ ಬೇಸರವಾದಾಗ ಕೆಲವರು ಮೀನನ್ನೂ ಗಿಡವನ್ನೂ ಕೆರೆಗೋ ಹೊಳೆಗೋ ಸುರಿದುಬಿಡುತ್ತಾರೆ. ಅದು ದಯೆಯೆಂದೇ ಅವರ ಭಾವನೆ. ತೆಂಕಣ ಅಮೆರಿಕದ ನೀಲಿಹೂವಿನ ನೀರುಕಳೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದದ್ದು ಅಂದಕ್ಕಾಗಿ. ನಮ್ಮ ಜನ ಹಳೆಯ ಅಂತರಗಂಗೆಯ ಹೆಸರನ್ನೇ ಅದಕ್ಕೂ ಇಟ್ಟರು. ಅದು ಕೆರೆಕೆರೆಗಳನ್ನು ಮುಚ್ಚಿತು. ಸೊಳ್ಳೆಮರಿಗಳನ್ನು ತಿನ್ನಲೆಂದು 1928ರಲ್ಲಿ ಹೊರದೇಶದಿಂದ ತಂದ ಗ್ಯಾಂಬೂಸಿಯ ಮೀನು ನಾಡಮೀನುಗಳ ಮೊಟ್ಟೆಮರಿಗಳನ್ನೂ ತಿನ್ನುತ್ತದೆಂದು ಆಮೇಲೆ ತಿಳಿಯಿತು. ಮಖ್ತಲಿಗೂ ಗದ್ವಾಲಕ್ಕೂ ನಡುವೆ ಜೂರಾಲ ಅಣೆಕಟ್ಟಿನ ಹಿಂದೆ ಇಂದು ಕೃಷ್ಣೆ ಕಡಲಿನಂತೆ ನಿಂತಿದ್ದಾಳೆ. ಅದನ್ನು ನಂಬಿ ಬಲೆ ಬೀಸುವ ಕುಟುಂಬಗಳಿವೆ. ಒಬ್ಬನ ಬೇಸರದ ಒಂದು ಬಕೆಟ್ ನೀರು ಅವರ ಅನ್ನಕ್ಕೆ ಮಣ್ಣು ಹಾಕಬಹುದು. ಬೇಡವಾದ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಿ. ಬೇಡವಾದ ಗಿಡವನ್ನು ಒಣಗಿಸಿ ಗೊಬ್ಬರ ಮಾಡಿ. ಹೊಳೆಗೆ ಮಾತ್ರ ಸುರಿಯಬೇಡಿ.

ನಮ್ಮ ಊರುಗಳ ಎಷ್ಟೋ ಪಾವಟಿಗೆ ಬಾವಿಗಳಲ್ಲಿ ಇಂದು ಇರುವುದು ಕಸ. ಸೇದುವವರಿಲ್ಲದ ಬಾವಿಯ ಹೂಳನ್ನು ಯಾರು ತೆಗೆದಾರು? ನೀರು ಹಣ್ಣಾಗುವುದು ತಾನಾಗಿಯೇ ಅಲ್ಲ, ನೋಡುವ ಕಣ್ಣು ದಿನವೂ ಅದರ ಮೇಲಿದ್ದರೆ. ವಾಚನಾಲಯದ ತೊಟ್ಟಿಯ ಮುಂದೆ ಸಂಜೆ ಶಾಲೆಯ ಮಕ್ಕಳು ಕುಳಿತು ಬಸವನಹುಳು ಗಾಜಿನ ಮೇಲೆ ತೆವಳುವುದನ್ನು ನೋಡುತ್ತಾರೆ. ಅವರಲ್ಲೊಬ್ಬಳು ಮೊನ್ನೆ, “ನಮ್ಮ ಓಣಿ ಬಾವ್ಯಾಗೂ ಹಿಂಗಽ ಇತ್ತೇನ್ರೀ?” ಎಂದು ಕೇಳಿದಳು. ಇತ್ತಮ್ಮ ಎಂದೆವು. “ಮತ್ತ ಈಗ್ಯಾಕ ಇಲ್ಲ?” ಎಂಬ ಮರುಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು, ದೊಡ್ಡವರು. ಈ ವರ್ಷ ಬೇಸಗೆಯಲ್ಲಿ ಒಂದು ಬಾವಿಯ ಹೂಳನ್ನಾದರೂ ತೆಗೆಯೋಣವೆಂದು ಸಂಘದ ಸದಸ್ಯರನ್ನು ಬೇಡಿಕೊಳ್ಳುತ್ತೇವೆ. ಮೀನಿಗೆ ಅವಸರವಿಲ್ಲ, ಮೊದಲು ನೀರು ಹಣ್ಣಾಗಲಿ.