ಹಕ್ಕಿಯ ಗೂಡೂ ಹವ್ಯಾಸಿಯ ಕ್ಯಾಮೆರಾವೂ



ಹವ್ಯಾಸಿ ವನ್ಯಜೀವಿ ಛಾಯಾಗ್ರಾಹಕರು ತಮ್ಮ ಅಚ್ಚುಮೆಚ್ಚಿನ ಚಿತ್ರಗಳನ್ನು ತಂದು, ಅವುಗಳ ಕಥೆ ಹೇಳುವ ಮಾತುಕತೆಯೊಂದಕ್ಕಾಗಿ ನಾವು ಚಿತ್ರಗಳನ್ನು ಆಹ್ವಾನಿಸಿದೆವು. ಹಿರಿಯರು ಕಪ್ಪು-ಬಿಳುಪು ಮುದ್ರಣಗಳನ್ನೂ ರಟ್ಟಿನ ಚೌಕಟ್ಟಿನ ಸ್ಲೈಡುಗಳನ್ನೂ ಜೋಪಾನವಾಗಿ ಕಳಿಸಿದರು. ಅವನ್ನು ಮೇಜಿನ ಮೇಲೆ ಹರಡಿದಾಗ ಒಂದು ಸಂಗತಿ ಎದ್ದು ಕಂಡಿತು: ಹೆಚ್ಚಿನವು ಗೂಡಿನ ಚಿತ್ರಗಳು. ಮರಿಗೆ ಹುಳು ತಿನ್ನಿಸುವ ತಾಯಿ, ಬಾಯ್ದೆರೆದ ಮೂರು ಮರಿಗಳು, ಮೊಟ್ಟೆಯ ಮೇಲೆ ಕಾವು ಕೂತ ಹಕ್ಕಿ. ಇಂದಿನ ಯುವಕರು ಕಳಿಸಿದ್ದರಲ್ಲಿ ಗೂಡಿನ ಚಿತ್ರ ಒಂದೂ ಇರಲಿಲ್ಲ. ಈ ವ್ಯತ್ಯಾಸಕ್ಕೊಂದು ಚರಿತ್ರೆಯಿದೆ.

ಆರಂಭ ನಮ್ಮ ನಾಡಿನದಲ್ಲ. 1892ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಎಂಬ ಸೋದರರು ಮೊಟ್ಟೆಗಳಿದ್ದ ಗೂಡೊಂದರ ಚಿತ್ರ ತೆಗೆದರು. 1895ರಲ್ಲಿ ಹಕ್ಕಿಗೂಡುಗಳ ಬಗ್ಗೆ ಅವರು ಹೊರತಂದ ಪುಸ್ತಕ, ಪೂರ್ತಿಯಾಗಿ ಬಯಲಿನಲ್ಲೇ ತೆಗೆದ ಛಾಯಾಚಿತ್ರಗಳಿದ್ದ ಮೊದಲ ನಿಸರ್ಗ ಗ್ರಂಥವೆಂದು ಹೆಸರಾಯಿತು. ಹಕ್ಕಿಗಳಿಗೆ ಅನುಮಾನ ಬಾರದಿರಲೆಂದು ಈ ಸೋದರರು ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿಸಿ ಅದರ ಹೊಟ್ಟೆಯೊಳಗೆ ಕ್ಯಾಮೆರಾ ಹಿಡಿದು ಕೂತದ್ದೂ ಉಂಟು! ಭಾರತದಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಬೇರೆ ಉಪಾಯ ಹೂಡಿದರು. ಹುಲಿ ನಡೆಯುವ ಜಾಡಿಗೆ ತಂತಿ ಕಟ್ಟಿ, ಅದನ್ನು ಎಡವಿದ ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದರು. ಆ ಚಿತ್ರಗಳು 1925ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದವು.

ನಮ್ಮ ರಾಜ್ಯದಲ್ಲಿ ಈ ಹವ್ಯಾಸ ಬೇರೂರಿದ್ದು ಬಹುಮಟ್ಟಿಗೆ ಬೆಂಗಳೂರಿನ ಛಾಯಾಗ್ರಹಣ ಸಂಘಗಳ ಮೂಲಕ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಹೆಸರುಗಳು ದೇಶದಾಚೆಗೂ ಹೋದವು. 2017ರಲ್ಲಿ ತೀರಿಕೊಂಡ ಪೆರುಮಾಳ್, ಕಿರಿಯರ ಒಂದು ದೊಡ್ಡ ಬಳಗಕ್ಕೇ ಗುರುವಾಗಿದ್ದವರು. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರೂ ಈ ಗೀಳಿನವರೇ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ತೋಟದ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದದ್ದು ನಿಮಗೆ ಗೊತ್ತೇ ಇದೆ. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಆಗ ಚಿತ್ರ ಹಂಚಿಕೊಳ್ಳುವುದೆಂದರೆ ಸಂಜೆ ಕೋಣೆಯೊಂದರಲ್ಲಿ ದೀಪ ಆರಿಸಿ ಸ್ಲೈಡು ತೋರಿಸುವುದು, ಇಲ್ಲವೇ ದೊಡ್ಡ ಮುದ್ರಣವನ್ನು ರಟ್ಟುಗಳ ನಡುವೆ ಕಟ್ಟಿ ಅಂಚೆಯಲ್ಲಿ ದೇಶವಿದೇಶಗಳ ಪ್ರದರ್ಶನಗಳಿಗೆ ಕಳಿಸುವುದು. ತಿಂಗಳುಗಳ ಮೇಲೆ ಅದು ಬೆನ್ನಿಗೆ ಪ್ರದರ್ಶನದ ಚೀಟಿ ಅಂಟಿಸಿಕೊಂಡು ಮರಳುತ್ತಿತ್ತು. ನನ್ನ ಮೇಜಿಗೆ ಬಂದ ಒಂದು ಮುದ್ರಣದ ಬೆನ್ನಂತೂ ಚೀಟಿಗಳಿಂದಲೇ ತುಂಬಿತ್ತು. ಮುಂದಿನ ಚಿತ್ರಕ್ಕಿಂತ ಅದನ್ನೇ ಹೆಚ್ಚು ಹೊತ್ತು ನೋಡಿದೆ.

ಆದರೆ ಗೂಡೇ ಏಕೆ? ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. ಅಂದಿನ ಒಳ್ಳೆಯ ಬಣ್ಣದ ಫಿಲಂನ ವೇಗ 25 ಅಥವಾ 64. ಇಂದಿನ ಡಿಜಿಟಲ್ ಕ್ಯಾಮೆರಾ 6400ರಲ್ಲಿಯೂ ಚೆನ್ನಾಗಿ ಕೆಲಸ ಮಾಡುತ್ತದೆ, ಅಂದರೆ 64ರ ಫಿಲಂಗೆ ಬೇಕಾಗುತ್ತಿದ್ದ ಬೆಳಕಿನ ನೂರರಲ್ಲಿ ಒಂದು ಪಾಲು ಸಾಕು. ಉದ್ದನೆಯ ಲೆನ್ಸುಗಳು ಅಪರೂಪ, ದುಬಾರಿ. ಹಾಗಾಗಿ ಛಾಯಾಗ್ರಾಹಕ ಹಕ್ಕಿಯ ಹತ್ತಿರಕ್ಕೇ ಹೋಗಬೇಕಿತ್ತು, ಅದು ಎಲ್ಲಿಗೆ ಬಂದು ಕೂರುತ್ತದೆಂದು ಮೊದಲೇ ತಿಳಿದಿರಬೇಕಿತ್ತು. ಹಕ್ಕಿ ತಪ್ಪದೆ ಮರಳಿ ಬರುವ ಜಾಗ ಒಂದೇ, ಗೂಡು. ಅದರೆದುರು ಬಟ್ಟೆಯ ಮರೆ ಕಟ್ಟಿ, ಅಡ್ಡ ಬರುವ ರೆಂಬೆಯನ್ನು ಸರಿಸಿ ಕಾದು ಕೂರುವುದೇ ಅಂದಿನ ಪಾಠವಾಗಿತ್ತು. ಬಲ್ಲವರು ಮರೆಯನ್ನು ದಿನಕ್ಕಿಷ್ಟು ಮುಂದಕ್ಕೆ ತಂದು ಹಕ್ಕಿಗೆ ಅಭ್ಯಾಸ ಮಾಡಿಸುತ್ತಿದ್ದರು, ಮರಿಯಾಗುವ ತನಕ ಕಾಯುತ್ತಿದ್ದರು. ಬರಿಯ ಮೊಟ್ಟೆಯಿರುವಾಗ ಕಾಟ ಕೊಟ್ಟರೆ ಹಕ್ಕಿ ಗೂಡು ಬಿಟ್ಟುಹೋಗುವ ಸಂಭವ ಹೆಚ್ಚು. ನನ್ನಂಥ ಅರೆಬೆಂದ ಶಿಷ್ಯರಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು?

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಾನಾಗ ಬಿ.ಎಸ್‌ಸಿ. ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರಕ್ಕೆ ಹೋಗಿದ್ದಾಗ, ನೀರು ಬತ್ತಿದ ಕೆರೆಯಂಗಳದಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆಗಳು ಕಂಡವು. ಗೂಡೆಂದರೆ ನಾಲ್ಕು ಬೆಣಚುಕಲ್ಲುಗಳ ನಡುವೆ ಒಂದು ಕುಳಿ, ಅಷ್ಟೆ. ಎರವಲು ಕ್ಯಾಮೆರಾ, 36 ಚಿತ್ರಗಳ ಒಂದೇ ರೀಲು. ಗೋಣಿಚೀಲ ಹೊದ್ದು ಹತ್ತು ಗಂಟೆಯಿಂದ ಮಧ್ಯಾಹ್ನದ ತನಕ ಮಲಗಿದ್ದೆ. ಹಕ್ಕಿಗಳೆರಡೂ ಚೀರುತ್ತ ಸುತ್ತುತ್ತಿದ್ದವು, ಹತ್ತಿರ ಬರಲಿಲ್ಲ. ಕೊನೆಗೆ ಒಂದು ಬಂದು ಮೊಟ್ಟೆಗಳ ಮೇಲೆ ನಿಂತಿತು, ಎದೆಯ ಗರಿಗಳು ಒದ್ದೆ. ಕ್ಲಿಕ್ಕಿಸಿದೆ. ಬಿಸಿಲಲ್ಲಿ ಮೊಟ್ಟೆ ಬೇಯದಿರಲೆಂದು ಈ ಹಕ್ಕಿ ನೀರಲ್ಲಿ ಎದೆ ನೆನೆಸಿ ತಂದು ತಂಪು ಮಾಡುತ್ತದೆಂದು ನಾನು ಓದಿದ್ದು ಆಮೇಲೆ. ಅದನ್ನು ಅಷ್ಟು ಹೊತ್ತು ತಡೆದವನು ನಾನೇ. ಮೂರನೆಯ ದಿನ ಹೋದರೆ ಎರಡು ಮೊಟ್ಟೆ ಇರಲಿಲ್ಲ; ಉಳಿದೆರಡರ ಹತ್ತಿರ ಹಕ್ಕಿಯ ಸುಳಿವಿಲ್ಲ. ಕಾಗೆಯೋ ನಾಯಿಯೋ, ಹೇಳಲಾರೆ. ನನ್ನ ಹೆಜ್ಜೆಗುರುತುಗಳಂತೂ ನೇರ ಅಲ್ಲಿಗೇ ಹೋಗಿದ್ದವು. ಆ ಚಿತ್ರಕ್ಕೆ ಕಾಲೇಜಿನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು.

ಇಂದು ಭಾರತದ ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರವನ್ನು ತೆಗೆದುಕೊಳ್ಳುವುದೇ ಇಲ್ಲ. 2014ರಲ್ಲಿ ಛಾಯಾಗ್ರಹಣದ ಮೂರು ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳು ನಿಸರ್ಗ ಚಿತ್ರವೆಂದರೇನು ಎಂಬುದಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡವು. ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ತೆಗೆಯಬಾರದು ಎಂಬುದು ಅದರ ತಿರುಳು. ಹಿರಿಯರನ್ನು ಈ ಅಳತೆಗೋಲಿನಿಂದ ಅಳೆದು ದೂರುವುದು ನನಗೆ ಒಪ್ಪಿಗೆಯಿಲ್ಲ. ಹಕ್ಕಿಗಳ ಸಂಸಾರದ ಬಗ್ಗೆ ನಮ್ಮ ಜನಕ್ಕೆ ಅಕ್ಕರೆ ಹುಟ್ಟಿದ್ದರಲ್ಲಿ ಅವರ ಚಿತ್ರಗಳ ಪಾಲು ದೊಡ್ಡದು.

ಉದ್ದನೆಯ ಲೆನ್ಸು ಬಂದು ಗೂಡಿನ ಕಾಟ ತಗ್ಗಿತು. ಈಗಿನ ಕಾಟ ಚಿತ್ರ ತೆಗೆದ ಮೇಲೆ ಶುರುವಾಗುತ್ತದೆ. ಅಂಚೆಯಲ್ಲಿ ಹೋಗುತ್ತಿದ್ದ ಮುದ್ರಣದ ಬೆನ್ನ ಮೇಲೆ ಊರಿನ ಹೆಸರಿದ್ದರೂ ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲ. ಮೊಬೈಲಿನ ಚಿತ್ರದಲ್ಲಿ, ಬೇಡವೆಂದು ಮೊದಲೇ ಆಯ್ದುಕೊಳ್ಳದಿದ್ದರೆ, ಅಕ್ಷಾಂಶ-ರೇಖಾಂಶಗಳೂ ಅಡಗಿ ಕೂತಿರುತ್ತವೆ.

ನಮಗೆ ಬಂದ ಯುವಕರ ಚಿತ್ರಗಳಲ್ಲಿ ನನಗೆ ತೀರ ಹಿಡಿಸಿದ್ದು ತುಮಕೂರು ಜಿಲ್ಲೆಯ ಹುಣಸೆ ತೋಪೊಂದರ ಕಾಡುಪಾಪದ್ದು: ರೆಂಬೆ ತಬ್ಬಿ, ದುಂಡು ಕಣ್ಣು ಬಿಟ್ಟು ನೋಡುತ್ತಿದೆ. ಇದಕ್ಕೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಆದರೂ ಮಾಟಮಂತ್ರದ ಮೂಢನಂಬಿಕೆಯವರು ಇದನ್ನು ಹಿಡಿಯುತ್ತಾರೆ. ಚಿತ್ರ ತೆಗೆದ ಹುಡುಗ ತೋಪಿನ ಹೆಸರು, ರಸ್ತೆ, ಬಸ್ಸಿನ ನಿಲ್ದಾಣ ಎಲ್ಲವನ್ನೂ ಶ್ರದ್ಧೆಯಿಂದ ಬರೆದಿದ್ದ. ಅವನಿಗೆ ಫೋನು ಮಾಡಿದೆ. "ಊರಿನ ಹೆಸರು ಟಿ.ವಿ.ಯಲ್ಲಿ ಬರಲಿ ಅಂತ ಆಸೆ ಸಾರ್," ಎಂದ. ನಾನು ಅವನಿಗೆ ಟಿಟ್ಟಿಭದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಿಲ್ಲೆ ಹೆಸರು ಸಾಕು ಬಿಡಿ" ಅಂದ. ಕಾಡುಪಾಪದ ಚಿತ್ರ ಹಾಗೆಯೇ ಪ್ರಸಾರವಾಗುತ್ತದೆ.