ಶೆರೀಫನೂ ಸೆರೆಮನೆಯೂ

ಶೆರೀಫ್ ಎಂದೊಡನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಕೌಬಾಯ್ ಚಿತ್ರಗಳು ನೆನಪಾದಾವು. ಆದರೆ ಆ ಹುದ್ದೆಯ ಮೂಲ ಇಂಗ್ಲೆಂಡು. ಅಲ್ಲಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂತಹ ಪ್ರಾಂತದ, ಸೆರೆಮನೆಗೆ ಹಿಂದೆ ಕಾನೂನಿನ ಪ್ರಕಾರ ಶೆರೀಫನೇ ಹೊಣೆಯಾಗಿದ್ದನು. ಕೈದಿ ತಪ್ಪಿಸಿಕೊಂಡರೆ ಉತ್ತರಿಸಬೇಕಾಗಿದ್ದವನೂ ಅವನೇ. ಆದರೂ ಒಂದು ವರ್ಷದ ಮಟ್ಟಿಗೆ ಆ ಗೌರವ ಪಡೆಯುತ್ತಿದ್ದ ಸಿರಿವಂತರು ಸೆರೆಮನೆಯ ಹೊಸ್ತಿಲು ತುಳಿಯುತ್ತಿದ್ದುದು ಅಪರೂಪ.

1773ರಲ್ಲಿ ಬೆಡ್‌ಫರ್ಡ್‌ಷೈರಿನ ಶೆರೀಫನಾದ ಜಾನ್ ಹೊವಾರ್ಡ್ ತಾನೇ ಒಳಹೊಕ್ಕು ನೋಡಿದನು. ಹಿಂದೊಮ್ಮೆ ಫ್ರೆಂಚರ ಸೆರೆಯಲ್ಲಿ ನರಳಿದ್ದವನು ಆತ. ಇಲ್ಲಿ ಜೈಲರನಿಗೆ ಸಂಬಳವಿರಲಿಲ್ಲ. ಕೈದಿಗಳು ತೆರುವ ಶುಲ್ಕವೇ ಅವನ ಜೀವನೋಪಾಯ. ನಿರಪರಾಧಿಗಳೆಂದು ನ್ಯಾಯಾಲಯ ಬಿಟ್ಟವರೂ ಆ ಹಣ ತೆರಲಾರದೆ ಸೆರೆಯಲ್ಲೇ ಉಳಿಯುತ್ತಿದ್ದರು!

ಜೈಲರನಿಗೆ ಸಂಬಳ ಗೊತ್ತುಮಾಡಿರೆಂದು ಹೊವಾರ್ಡ್ ಕೌಂಟಿಯ ನ್ಯಾಯಾಧಿಕಾರಿಗಳನ್ನು ಕೇಳಿದನು. ಅವರು ಪೂರ್ವನಿದರ್ಶನ ಬೇಕೆಂದರು. ಅದನ್ನರಸಿ ನೆರೆಯ ಕೌಂಟಿಗಳನ್ನು ಸುತ್ತಿದವನಿಗೆ ನಿದರ್ಶನ ದೊರೆಯಲಿಲ್ಲ. ಎಲ್ಲೆಡೆ ಅದೇ ಅನ್ಯಾಯ, ಜೊತೆಗೆ ಮಾರಕ ಜ್ವರ. 1774ರಲ್ಲಿ ಕಾಮನ್ಸ್ ಸಭೆಯ ಮುಂದೆ ಸಾಕ್ಷ್ಯ ನುಡಿದನು. ಅದೇ ವರ್ಷ ಎರಡು ಶಾಸನಗಳಾದವು: ಬಿಡುಗಡೆಯಾದವರು ಜೈಲರನಿಗೆ ಶುಲ್ಕ ತೆರುವುದು ರದ್ದಾಯಿತು, ಕೈದಿಗಳ ಆರೋಗ್ಯರಕ್ಷಣೆ ಕಡ್ಡಾಯವಾಯಿತು. ಅಧಿಕಾರದ ಅವಧಿ ಮುಗಿದರೂ ಆತನ ಸಂಚಾರ ನಿಲ್ಲಲಿಲ್ಲ. 1790ರಲ್ಲಿ ದೂರದ ಖೆರ್ಸೋನ್‌ನಲ್ಲಿ ಜ್ವರದಿಂದಲೇ ತೀರಿಕೊಂಡನು.

1877ರ ಶಾಸನವು ಇಂಗ್ಲೆಂಡಿನ ಸ್ಥಳೀಯ ಸೆರೆಮನೆಗಳನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿತು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಇಂದಿಗೂ ಕೌಂಟಿಯ ಸೆರೆಮನೆ ಶೆರೀಫನ ಹೊಣೆಯೇ.

ಹೊವಾರ್ಡನಿಗಿಂತ ಮೊದಲೂ ಹೊಣೆ ಕಾನೂನಿನಲ್ಲಿತ್ತು, ಹೋಗಿ ನೋಡುವವರಿರಲಿಲ್ಲ. ನಿಮ್ಮಲ್ಲಿ ಹಲವರು ಇಂದು ಅಧಿಕಾರದ ಸ್ಥಾನಗಳಲ್ಲಿದ್ದೀರಿ. ಕಡತಕ್ಕೆ ಸಹಿ ಹಾಕುವ ಮುನ್ನ ಒಮ್ಮೆ ಆ ಸ್ಥಳವನ್ನು ನೋಡಿ ಬನ್ನಿ. ನಿಮ್ಮ ಮೇಷ್ಟ್ರ ಬೇಡಿಕೆ ಇಷ್ಟೇ.